ನಾಲ್ಕುನೂರ ಹದಿನೇಳರ ಗೊಣಗಾಟ

"ಐದು ಗಂಟೆಯೊಳಗೆ ನಾಲ್ಕುನೂರ ಹದಿನೇಳರ ವರದಿ ನನ್ನ ಮೇಜಿನ ಮೇಲಿರಬೇಕು," ಎಂದರು ಮೇಡಂ. "ಎರಡು ವರ್ಷದಿಂದ ಆ ಹೆಂಗಸು ಗೊಣಗ್ತಿದಾಳೆ. ಎರಡು ವರ್ಷದಿಂದ ನೀವು 'ಆನಂದವಾಗಿದ್ದಾರೆ' ಅಂತ ಬರೀತಿದೀರ. ಕಿವೀಲಿ ಹತ್ತಿ ಇಟ್ಕೊಂಡಿದೀರಾ?"

ಕಿವಿರಾಯರು ತಲೆಯಾಡಿಸಿದರು. ಕೇಳಿದ್ದೇನೆಂದು ಆಮೇಲೆ ಹೊಳೆದು, ಗಾಬರಿಯಿಂದ "ಇಲ್ಲ, ಇಲ್ಲ ಮೇಡಂ" ಎಂದರು.

ಕಿವಿರಾಯ ಎಂಬುದು ಅವರಿಗೆ ಸಹೋದ್ಯೋಗಿಗಳು ಇಟ್ಟ ಹೆಸರು. ಆನಂದ ಇಲಾಖೆಯಲ್ಲಿ ಅವರಷ್ಟು ಚುರುಕು ಕಿವಿ ಇನ್ನೊಬ್ಬರಿಗಿರಲಿಲ್ಲ.

ಆ ನಗರದಲ್ಲಿ ಎಲ್ಲವೂ ಇತ್ತು. ಎಲ್ಲರಿಗೂ ಮನೆ, ಎಲ್ಲರಿಗೂ ಕೆಲಸ, ಹೊತ್ತಿಗೆ ಸರಿಯಾಗಿ ಬಸ್ಸು. ಇಲ್ಲದ್ದು ಒಂದೇ, ಗೊಣಗುವ ಸ್ವಾತಂತ್ರ್ಯ. ಇಷ್ಟೆಲ್ಲ ಕೊಟ್ಟ ಮೇಲೂ ಗೊಣಗುವುದು ಉಂಡ ಮನೆಗೆ ಎರಡು ಬಗೆದಂತೆ ಎಂದು ಸರ್ಕಾರದ ವಾದ. ಆದ್ದರಿಂದ 'ಗೋಡೆಗೂ ಕಿವಿಯಿದೆ' ಎಂಬ ಗಾದೆಯನ್ನು ಅದು ಮನೆ ಮನೆಯಲ್ಲೂ ಜಾರಿಗೆ ತಂದಿತ್ತು. ಸಿಕ್ಕಿಬಿದ್ದವರು ಮೂರು ವರ್ಷ ನಗೆಮನೆಗೆ ಹೋಗಬೇಕು. ಅಲ್ಲಿಂದ ಮರಳಿದವರು ಹೆಣ ಕಂಡರೂ ನಗುತ್ತಿದ್ದರು.

ಆದರೆ ಇಲಾಖೆ ನ್ಯಾಯಕ್ಕೆ ಹೆಸರಾದದ್ದು. ಪಕ್ಷಪಾತ ಆಗಬಾರದಲ್ಲ? ಗೋಡೆ ಕೇಳಿಸಿಕೊಂಡ ಮಾತು ಮರುದಿನ ಇಲಾಖೆಗೆ ಬರುವಷ್ಟರಲ್ಲಿ ಹೆಸರು ಅಳಿಸಿ ಬರೀ ನಂಬರು ಉಳಿದಿರುತ್ತಿತ್ತು. ದನಿಯನ್ನೂ ಯಂತ್ರ ಸೋಸಿಬಿಡುತ್ತಿತ್ತು. ಅಜ್ಜಿಯ ಬೈಗುಳವಾಗಲಿ, ಮಗುವಿನ ಹಟವಾಗಲಿ, ಎಲ್ಲವೂ ನೆಗಡಿಯಾದ ಗುಮಾಸ್ತನೊಬ್ಬನ ದನಿಯಲ್ಲೇ ಕೇಳಿಸುತ್ತಿದ್ದವು.

ನಾಲ್ಕುನೂರ ಹದಿನೇಳು ಅದೇ ನೆಗಡಿ ದನಿಯಲ್ಲಿ ಗಂಡನಿಗೆ ಬೈಯುತ್ತಿತ್ತು. "ಹನ್ನೊಂದು ವರ್ಷ ಆಯ್ತು ಮದ್ವೆಯಾಗಿ. ಒಂದೇ ಒಂದು ಮಾತು ಪೂರ್ತಿ ಕೇಳಿದೀರಾ? ಒಂದು ಕಾಲುಚೀಲ ಮಂಚದ ಕೆಳಗೆ, ಇನ್ನೊಂದು ಪುಸ್ತಕದ ಕಪಾಟಿನಲ್ಲಿ! ಯಾಕೆ ಅಂದ್ರೆ ತಲೆ ಆಡಿಸ್ತೀರ. ಜ್ವರ ಅಂದ್ರೂ ತಲೆ ಆಡಿಸ್ತೀರ. ನಿನ್ನೆ, ನಾನು ಸತ್ತುಹೋದೆ ಅಂದೆ. ಅದಕ್ಕೂ ತಲೆ ಆಡಿಸಿದ್ರಲ್ರೀ!"

ಗಂಡನ ಕಡೆಯಿಂದ ಉಸಿರೂ ಇಲ್ಲ.

ಕಿವಿರಾಯರು ಮೊದಮೊದಲು ನಕ್ಕರು. ಆಮೇಲೆ ಮರುಗಿದರು. ಕೊನೆಗೆ ಆ ಗೊಣಗಾಟ ಕೇಳದಿದ್ದರೆ ಅವರಿಗೆ ದಿನವೇ ಸಾಗದಂತಾಯಿತು. ಇಡೀ ಊರು ಹಲ್ಲುಕಿರಿದು ಬದುಕುತ್ತಿರುವಾಗ ಮನಸ್ಸಿನಲ್ಲಿದ್ದದ್ದನ್ನು ಬಾಯಲ್ಲಿ ಆಡುವ ಸ್ವತಂತ್ರ ಜೀವ ಅವಳೊಬ್ಬಳೇ. ಅಂಥವಳಿಗೆ ಎಂಥ ಗಂಡ! ಮಂಗನ ಕೈಗೆ ಮಾಣಿಕ್ಯ ಸಿಕ್ಕಿತ್ತು. ಆ ಮಂಗನನ್ನು ನೆನೆದರೆ ಕಿವಿರಾಯರಿಗೆ ಮೈ ಉರಿಯುತ್ತಿತ್ತು.

ಅವರ ಸಂಸಾರವೇನೋ ನೆಮ್ಮದಿಯದು. ದಿನಕ್ಕೆ ಎಂಟು ಗಂಟೆ ಊರಿನ ಮಾತನ್ನೆಲ್ಲ ಹೀರಿದ ಕಿವಿಗೆ ಮನೆಯೆಂದರೆ ವಿಶ್ರಾಂತಿಯ ತಾಣ.

ಈಗ ಏನು ಮಾಡುವುದು? ವರದಿ ಬರೆದರೆ ಅವಳು ನಗೆಮನೆಗೆ. ಅಲ್ಲಿಂದ ಬಂದವಳು ಇನ್ನೆಂದೂ ಗೊಣಗುವುದಿಲ್ಲ. ಅವರು ಕುರ್ಚಿಗೆ ಒರಗಿ ಕಾಲು ಚಾಚಿದರು. ಒಂದು ಕಾಲಿನಲ್ಲಿ ಕಂದು ಕಾಲುಚೀಲ, ಇನ್ನೊಂದರಲ್ಲಿ ನೀಲಿ. ಯೋಚಿಸಿ ಯೋಚಿಸಿ ತಲೆ ಕೆಟ್ಟು ಮೊಸರಾಗುವ ಹೊತ್ತಿಗೆ ಒಂಬತ್ತನೆಯ ನಿಯಮ ನೆನಪಾಯಿತು. ಗೊಣಗಾಟಕ್ಕೆ ಒಂದೇ ಕಾರಣವಿದ್ದು, ಆ ಕಾರಣವನ್ನು ಎತ್ತಿಕೊಂಡು ಹೋಗಲು ಬರುವಂತಿದ್ದರೆ, ಗೊಣಗಿದವರಿಗೆ ಮಾಫಿ. ಎತ್ತಿ ತಂದ ಕಾರಣವನ್ನು ಮೂರು ವರ್ಷ ಇಡಲೆಂದೇ ಊರಾಚೆ ಕಾರಣಗಳ ಉಗ್ರಾಣವಿತ್ತು. ಸೋರುವ ನಲ್ಲಿ, ಕಿರುಗುಟ್ಟುವ ಮಂಚ, ಅಕಾಲದಲ್ಲಿ ಕೂಗುವ ಹುಂಜ, ಎಲ್ಲ ಅಲ್ಲಿದ್ದವು.

ನಾಲ್ಕೂಮುಕ್ಕಾಲಿಗೆ ಮೇಡಂ ಕಿವಿರಾಯರು ಬರೆದ ಚೀಟಿ ಓದಿ ಹುಬ್ಬೇರಿಸಿದರು. "ಕಾರಣ ಅನ್ನೋ ಜಾಗದಲ್ಲಿ 'ಗಂಡ' ಅಂತ ಬರ್ದಿದೀರಲ್ರೀ?"

"ಎತ್ಕೊಂಡು ಹೋಗಬಹುದು ಮೇಡಂ. ಎರಡು ಆಳು ಸಾಕು."

"ಪಾಪ, ಆ ಮನುಷ್ಯ ಮೂರು ವರ್ಷ ಹುಂಜಗಳ ಜೊತೆ ಇರಬೇಕಲ್ಲ?"

"ಇರ್ಲಿ ಬಿಡಿ. ಕಿವಿ ಇದ್ದೂ ಕೇಳದ ಪ್ರಾಣಿ. ಸ್ವಾತಂತ್ರ್ಯ ಅನ್ನೋದು ಪುಕ್ಕಟೆ ಸಿಗುತ್ತಾ ಮೇಡಂ? ಯಾರಾದ್ರೂ ಬೆಲೆ ತೆರಲೇಬೇಕು."

"ನೀವೂ ತೆರ್ತೀರ. ಎರಡು ವರ್ಷ ಸುಳ್ಳು ಬರೆದಿದ್ದನ್ನ ಒಪ್ಕೊಂಡ ಹಾಗಾಯ್ತು. ನಿಮ್ಮ ಬಡ್ತಿ ಹೋಯ್ತು."

"ಹೋಗ್ಲಿ," ಎಂದು ಕಿವಿರಾಯರು ದೊಡ್ಡದಾಗಿ ಸಹಿ ಹಾಕಿದರು. ಜೀವಮಾನದಲ್ಲಿ ಮೊದಲ ಬಾರಿಗೆ ಅವರಿಗೆ ತಮ್ಮ ಬಗ್ಗೆ ಹೆಮ್ಮೆಯೆನಿಸಿತು.

ಮನೆಗೆ ಬಂದಾಗ ಆರು ಗಂಟೆ. ಹೆಂಡತಿ ಒಲೆಯ ಮುಂದೆ ನಿಂತು ಏನೋ ಹೇಳುತ್ತಿದ್ದಳು. ಕಿವಿರಾಯರು ಪೇಪರು ಬಿಡಿಸಿ ತಲೆಯಾಡಿಸುತ್ತ ಕುಳಿತರು. ನಾಲ್ಕುನೂರ ಹದಿನೇಳಕ್ಕೆ ಈಗ ಬಿಡುಗಡೆಯಾಗಿರುತ್ತದೆ ಎಂದು ನೆನೆದಾಗ ಕಣ್ಣು ತುಂಬಿಬಂತು.

ಬಾಗಿಲು ಬಡಿದ ಸದ್ದಾಯಿತು. ಇಲಾಖೆಯ ಸಮವಸ್ತ್ರದ ಇಬ್ಬರು ಆಳುಗಳು.

"ಕಾರಣ ತಗೊಂಡು ಹೋಗೋಕೆ ಬಂದಿದೀವಿ."

"ಅಡುಗೆಮನೆ ನಲ್ಲಿ ತಾನೆ? ತುಂಬ ಸೋರುತ್ತೆ. ಬನ್ನಿ, ತೋರಿಸ್ತೀನಿ," ಎಂದು ಕಿವಿರಾಯರು ಲವಲವಿಕೆಯಿಂದ ಎದ್ದರು.

ಆಳುಗಳು ಅವರ ಒಂದೊಂದು ತೋಳನ್ನು ಹಿಡಿದುಕೊಂಡರು. ಅವರಲ್ಲೊಬ್ಬ ಚೀಟಿಯನ್ನು ಕಿವಿರಾಯರ ಕಣ್ಣಿನ ಮುಂದೆ ಹಿಡಿದ. ಮೇಲೆ ಇಲಾಖೆ ಆಮೇಲೆ ಅಚ್ಚೊತ್ತಿದ್ದ ಇದೇ ಮನೆಯ ವಿಳಾಸ, ಅದರ ಕೆಳಗೆ ನಾಲ್ಕುನೂರ ಹದಿನೇಳು, ಅದರ ಕೆಳಗೆ ಕಾರಣ. ಅಕ್ಷರ ತಮ್ಮದೇ. ಸಹಿಯೂ ತಮ್ಮದೇ.

ಹೆಂಡತಿ ಕೈ ಒರೆಸಿಕೊಂಡು ಬಂದು ಚೀಟಿಯನ್ನು ಎರಡು ಸಲ ಓದಿದಳು. ಸಹಿಯ ಮೇಲೆ ಮೆಲ್ಲಗೆ ಬೆರಳಾಡಿಸಿದಳು. ಅವಳ ಕಣ್ಣಿನಲ್ಲಿ ನೀರು ತುಂಬಿತ್ತು.

"ಅಂತೂ ಹನ್ನೊಂದು ವರ್ಷಕ್ಕೆ ನನ್ನ ಮಾತು ಕಿವಿಗೆ ಹಾಕ್ಕೊಂಡ್ರಲ್ಲಾ, ಅಷ್ಟು ಸಾಕು ಕಣ್ರೀ."