ಭಂಗಿ ಬೀಜದ ಡಬ್ಬಿ

ಸ್ನಾನದ ಮನೆಯಲ್ಲಿ ನೀರು ಬೀಳುವ ಸದ್ದು ಶುರುವಾದ ಮೇಲೆಯೇ ಅತ್ತೆ ಡಬ್ಬಿಗೆ ಕೈ ಹಾಕಿದಳು. ಸೊಸೆಯ ಡಬ್ಬಿ, ಹಸಿರು ಮುಚ್ಚಳದ್ದು. ಒಳಗಿದ್ದ ಪುಡಿಯನ್ನು ಸಿಂಕಿಗೆ ಸುರಿದು ನಲ್ಲಿ ಬಿಟ್ಟಳು. ಅದು ಸುಲಭಕ್ಕೆ ಹೋಗಲಿಲ್ಲ. ಬೆರಳಿನಿಂದ ತಿಕ್ಕಿ ತಿಕ್ಕಿ ಕಳಿಸಬೇಕಾಯಿತು.

ಭಂಗಿ ಬೀಜದ ಪುಡಿ ಅದು. ಅಂಗಡಿಯವರು ಪ್ಯಾಕೆಟ್ಟಿನ ಮೇಲೆ ಸೆಣಬಿನ ಬೀಜ ಎಂದು ಬರೆದುಕೊಂಡರೆ ಗುಣ ಬದಲಾಗುತ್ತದೆಯೇ? ಭಾನುವಾರ ಬಂತೆಂದರೆ ಸೊಸೆ ಬೀಜ ಹುರಿದು ಮಿಕ್ಸಿಗೆ ಹಾಕುತ್ತಿದ್ದಳು. ಆಮೇಲೆ ವಾರವಿಡೀ ಅದೇ. ಬ್ರೆಡ್ಡಿನ ಹಿಟ್ಟಿಗೂ ಅದು, ಸೂಪಿಗೂ ಅದು, ಬೆಳಗಿನ ಓಟ್ಸ್ ಗಂಜಿಗಂತೂ ಧಾರಾಳ. ಎಳ್ಳಿನ ಒಂದು ಕಾಳೂ ಇಲ್ಲದ ಅಡುಗೆಮನೆಯಲ್ಲಿ ಭಂಗಿ ಮಾತ್ರ ಡಬ್ಬಿ ತುಂಬ ಇರುತ್ತಿತ್ತು. ಸಂಸಾರ ಮಾಡುವ ಹೆಣ್ಣಿನ ಲಕ್ಷಣವೇ ಇದು?

"ಅಮಲಿರೋದು ಎಲೇಲಿ ಅತ್ತೆ, ಬೀಜದಲ್ಲಲ್ಲ," ಎಂದಿದ್ದಳು ಸೊಸೆ ಒಮ್ಮೆ.

"ಬೇವು ಬಿತ್ತಿ ಮಾವು ಬೆಳೆಯೋಕಾಗುತ್ತಾ?"

"ನನಗೆ ಇದೇ ಬೇಕು ಅತ್ತೆ, ಬೇರೇದು ಆಗಲ್ಲ. ಇವರು ನಿಮಗೆ ಹೇಳಿದ್ದಾರಲ್ಲ."

"ಹೇಳಿದ್ದಾನೆ. ಎಲ್ಲಾ ಹೇಳಿದ್ದಾನೆ."

ಹೇಳಿದ್ದು ನಿಜವೇ. ಮಗ ಕ್ರೇನ್ ಓಡಿಸುವವನು. ಆಕಾಶಕ್ಕೆ ನೇತುಹಾಕಿದಂಥ ಕ್ಯಾಬಿನ್ನಿನಲ್ಲಿ ಕೂತು ಕಬ್ಬಿಣದ ತೊಲೆ ಎತ್ತುವ ಕೆಲಸ. ಒಂದು ಸಲ ರೆಪ್ಪೆ ಅಂಟಿದರೆ ಅವನ ಕಥೆಯೂ ಮುಗಿಯಿತು, ಕೆಳಗಿದ್ದವರದ್ದೂ ಮುಗಿಯಿತು. ಅಂಥವನು ಈಚೆಗೆ ಊಟದ ಮೇಜಿನಲ್ಲೇ ತೂಕಡಿಸುತ್ತಿದ್ದ. ಹೆತ್ತ ಕರುಳು ಚುರ್ ಎನ್ನದೆ ಇರುತ್ತದೆಯೇ? ಏನಾಗಿದೆಯೋ ಎಂದು ಅವಳು ಕೇಳಿಯೇ ಬಿಟ್ಟಿದ್ದಳು.

"ಅವಳ ಅಡುಗೆ ಉಂಡ್ರೆ ಹೀಗೇ ಅಮ್ಮ," ಎಂದಿದ್ದ ಮಗ. "ಅವಳಿಗೆ ಚಟ ಹತ್ತಿದೆ. ಬಾಯಿಬಿಟ್ಟು ಕೇಳಿದ್ರೆ ರಂಪ ಮಾಡ್ತಾಳೆ. ನೀನೂ ಕೇಳೋಕೆ ಹೋಗ್ಬೇಡ."

ಅವಳು ಕೇಳಲಿಲ್ಲ. ಕ್ರೇನಿನ ಕನಸು ಬಿದ್ದು ಬೆಚ್ಚಿ ಎದ್ದು ಕೂತದ್ದನ್ನೂ ಯಾರಿಗೂ ಹೇಳಲಿಲ್ಲ. ಕೊನೆಗೆ ಮೊನ್ನೆ ಸಂಜೆ ಮಗನೇ ಟೆರೇಸಿನಲ್ಲಿ ಯಾರೊಂದಿಗೋ ಫೋನ್ ಮುಗಿಸಿ, ನಗುನಗುತ್ತಾ ಇಳಿದು ಬಂದು, ಅಮ್ಮನ ಪಕ್ಕ ಕೂತ.

"ಕರಿ ಎಳ್ಳು ಬಿಳಿ ಎಳ್ಳು ಬೆರೆಸಿ ಹುರಿದು ಪುಡಿ ಮಾಡಿದ್ರೆ ಅದೇ ಬಣ್ಣ ಬರುತ್ತೆ. ಡಬ್ಬಿಗೆ ತುಂಬಿಬಿಡು. ಅವಳಿಗೀಗ ನೆಗಡಿ, ಮೂಗು ಕಟ್ಟಿದೆ, ವಾಸನೆ ಗೊತ್ತಾಗಲ್ಲ. ಅಂಗಡಿಗೆ ನೀನೇ ಹೋಗಿ ಬಾ. ನಾನು ತಂದ್ರೆ ಅನುಮಾನ ಬರುತ್ತೆ."

"ಒದ್ದಾಡಿದ್ರೆ ಏನೋ ಮಾಡೋದು?"

"ಚಟ ಬಿಡೋವಾಗ ಎಲ್ಲರೂ ಒದ್ದಾಡ್ತಾರೆ. ಕರಗಬೇಡ. ಸ್ವಲ್ಪ ಹೊತ್ತು ಬಾಗಿಲು ಎಳ್ಕೊಂಡು ಹೊರಗೆ ಕೂತ್ಕೋ." ಆಮೇಲೆ ಅಮ್ಮನ ಕೈ ಹಿಡಿದುಕೊಂಡ. "ನಿಮ್ಮಿಬ್ಬರ ಮಧ್ಯೆ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಕೆ ಆಗಿದೀನಿ. ಎರಡೂ ಕಡೆಯಿಂದ ಬಿಡುಗಡೆ ಸಿಕ್ಕಿದ್ರೆ ಸಾಕು."

ಪಾಪ, ಎಷ್ಟು ಸೊರಗಿದ್ದಾನೆ ಎನಿಸಿ ಅವಳು ಅವನ ತಲೆ ಸವರಿದಳು.

ಎಲ್ಲವೂ ಅಂದುಕೊಂಡ ಹಾಗೇ ನಡೆಯಿತು. ನಿನ್ನೆ ಸೊಸೆ ಕನ್ನಡಕದಂಗಡಿಯ ಕೆಲಸಕ್ಕೆ ಹೋಗಿದ್ದಾಗ ಎಳ್ಳು ಪುಡಿಯಾಯಿತು. ಇವತ್ತು ಮಗ ಬೇಗ ಹೊರಟ. ಸೊಸೆಯ ಡ್ರಾಯರಿನಿಂದ ದಪ್ಪನೆಯದೊಂದು ಪೆನ್ನು ತೆಗೆದು ಜೇಬಿಗೆ ಸಿಕ್ಕಿಸಿಕೊಂಡು, ಅಮ್ಮನಿಗೆ ಕಣ್ಣು ಮಿಟುಕಿಸಿ ಹೋದ. ಅತ್ತೆ ಈಗ ಎಳ್ಳಿನ ಪುಡಿಯನ್ನು ಡಬ್ಬಿಗೆ ತುಂಬಿ, ಮುಚ್ಚಳ ತಿರುಗಿಸಿ, ಇದ್ದಲ್ಲೇ ಇಟ್ಟಳು. ಅಂತೂ ಭಂಗಿಗೆ ಎಳ್ಳುನೀರು ಬಿಟ್ಟೆ ಎಂದುಕೊಂಡು ತನ್ನ ಮಾತಿಗೆ ತಾನೇ ನಕ್ಕಳು.

ಸೊಸೆ ಒದ್ದೆ ಕೂದಲಲ್ಲಿ ಬಂದು ಗಂಜಿ ಕಾಯಿಸಿದಳು. ಮೂಗು ಕೆಂಪಾಗಿತ್ತು. ಡಬ್ಬಿ ತೆರೆದು ಚಮಚ ತುಂಬ ಪುಡಿ ಹಾಕಿಕೊಂಡು ಕದಡಿದಳು.

"ಈ ನೆಗಡೀಲಿ ಏನು ತಿಂದ್ರೂ ರುಚಿಯೇ ಇಲ್ಲ ಅತ್ತೆ."

"ಇನ್ನೊಂದು ಚಮಚ ಹಾಕ್ಕೋ ಮಗಳೇ."

ಮಗಳೇ ಎಂದದ್ದು ಅದೇ ಮೊದಲು. ಸೊಸೆ ಬೆರಗಾಗಿ ತಲೆಯೆತ್ತಿದಳು, ನಕ್ಕಳು, ಇನ್ನೊಂದು ಚಮಚ ಹಾಕಿಕೊಂಡಳು.

ಬಟ್ಟಲು ಅರ್ಧ ಖಾಲಿಯಾಗುವಷ್ಟರಲ್ಲಿ ಅವಳು ಕತ್ತು ಕೆರೆದುಕೊಳ್ಳತೊಡಗಿದಳು. ತುಟಿ ಊದಿತು. ಡಬ್ಬಿಯ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು, ಎದ್ದು ತೂರಾಡುತ್ತಾ ಕೋಣೆಗೆ ಓಡಿದಳು. ಡ್ರಾಯರ್ ಎಳೆದು ಅದರಲ್ಲಿದ್ದದ್ದನ್ನೆಲ್ಲ ನೆಲಕ್ಕೆ ಚೆಲ್ಲಿ ಹುಡುಕಿದಳು. ಅಲ್ಲೂ ಬಚ್ಚಿಟ್ಟಿದ್ದಾಳೆ ಎಂದುಕೊಂಡಳು ಅತ್ತೆ. ಸೊಸೆ ಅವಳ ಸೆರಗು ಹಿಡಿದು ಏನೋ ಹೇಳಲು ನೋಡಿದಳು. ಮಾತು ಹೊರಡಲಿಲ್ಲ, ಸಿಳ್ಳೆಯಂಥ ಉಸಿರು ಮಾತ್ರ ಬಂತು. ಅತ್ತೆ ಮಗನ ಮುಖ ನೆನೆದು, ಮನಸ್ಸು ಕಲ್ಲು ಮಾಡಿಕೊಂಡು, ಸೆರಗು ಬಿಡಿಸಿಕೊಂಡು ಹೊರಗೆ ಬಂದು ಬಾಗಿಲು ಎಳೆದುಕೊಂಡು ಚಿಲಕ ಹಾಕಿದಳು. ಒಳಗಿನಿಂದ ಬಾಗಿಲು ಬಡಿದ ಸದ್ದು ಕೇಳಿತು. ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ.

ಸದ್ದು ನಿಂತಿತು. ಕಂಟಕ ಕಳೆಯಿತು ಎಂದು ಉಸಿರುಬಿಟ್ಟು ಅತ್ತೆ ಬಾಗಿಲು ತೆರೆದಳು.

ಅವಳ ಕೂಗಿಗೆ ಬಂದ ಪಕ್ಕದ ಮನೆಯವರು ಸೊಸೆಯನ್ನು ಆಸ್ಪತ್ರೆಗೆ ಹೊತ್ತೊಯ್ದರು. ಮಗ ಕ್ರೇನಿನಿಂದ ಇಳಿದು ಅಲ್ಲಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಏನು ತಿಂದಿದ್ದರು ಎಂದು ಡಾಕ್ಟರ್ ಕೇಳಿದರು.

"ಗಂಜಿ. ಅದಕ್ಕೆ ನಾನು ಎಳ್ಳು... ಒಳ್ಳೇದಕ್ಕೇ ಮಾಡಿದ್ದು ಸ್ವಾಮಿ, ಭಂಗಿ ಬದಲು ಎಳ್ಳು."

"ಭಂಗಿ ಬೀಜದಿಂದ ಏನೂ ಆಗಲ್ಲಮ್ಮ. ಎಳ್ಳು ಕೆಲವರಿಗೆ ಆಗಲ್ಲ, ಪ್ರಾಣಕ್ಕೇ ಬರುತ್ತೆ. ಅಂಥವರು ದಪ್ಪ ಪೆನ್ನಿನಂಥ ಇಂಜೆಕ್ಷನ್ ಒಂದನ್ನ ಯಾವಾಗಲೂ ಹತ್ತಿರ ಇಟ್ಕೊಂಡಿರ್ತಾರೆ. ಇವರಿಗೆ ಆಗಲ್ಲ ಅಂತ ಮನೇಲಿ ಯಾರಿಗೂ ಗೊತ್ತಿರಲಿಲ್ವಾ?"

ಬೇರೇದು ಆಗಲ್ಲ. ಅತ್ತೆ ಮಗನ ಕಡೆ ತಿರುಗಿದಳು. ಅವನ ಕಣ್ಣಲ್ಲಿ ನೀರು ತುಂಬಿತ್ತು.

"ಗೊತ್ತಿಲ್ಲದೆ ಏನು ಡಾಕ್ಟ್ರೇ," ಎಂದ ಅವನು, ಅಮ್ಮನಿಂದ ಒಂದು ಹೆಜ್ಜೆ ದೂರ ಸರಿದು, "ಮದುವೆಯಾದ ದಿನವೇ ಅಮ್ಮನಿಗೆ ಹೇಳಿದ್ದೆ."