ಕರಿಬೇವಿನ ಡ್ರಮ್ಮು

ಯುಗಾದಿಯ ದಿನ, ಬನಶಂಕರಿಯ ಹೊಸ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿದ ಮೇಲೆ, ಟೆಂಪೋದಿಂದ ಕೊನೆಗೆ ಇಳಿದದ್ದು ಒಂದು ನೀಲಿ ಡ್ರಮ್ಮು. ಅದರೊಳಗೆ ಆಳೆತ್ತರದ ಕರಿಬೇವು. ಗೊಟ್ಟಿಗೆರೆಯಿಂದ ಇಲ್ಲಿಯವರೆಗೂ ಮರಿಯಮ್ಮ ಅದನ್ನು ತಬ್ಬಿಕೊಂಡೇ ಬಂದಿದ್ದಳು. ಮಗ ಕೆಂಪರಾಜು ಅದನ್ನು ಟೆರೇಸಿನ ನೀರಿನ ಟ್ಯಾಂಕಿನ ಪಕ್ಕ ಇಳಿಸಿ ಸೊಂಟ ಹಿಡಿದುಕೊಂಡ.

ಕೆಳಗಿನ ಮನೆಯ ಓನರ್ ಸೀತಾಲಕ್ಷ್ಮಿ ಒಂದು ಎಲೆ ಚಿವುಟಿ ಮೂಗಿಗೆ ಹಿಡಿದಳು. "ಏನ್ ಘಮ ರೀ! ಆ ಮೂಲೇಲಿ ನನ್ನ ಗಿಡ ನೋಡಿ, ನಾಲ್ಕು ವರ್ಷದಿಂದ ಮುಖ ಗಂಟಿಕ್ಕೊಂಡೇ ನಿಂತಿದೆ. ಒಬ್ಬಟ್ಟಿನ ಸಾರಿಗೆ ಎರಡು ಎಸಳು ಕಿತ್ಕೊಳ್ಲಾ?"

"ಅದಕ್ಕೂ ಕೇಳ್ಬೇಕಾ ಅಮ್ಮ? ಕಿತ್ಕೊಳಿ."

"ಏನ್ ಹಾಕ್ತೀರಿ ಇದಕ್ಕೆ?"

ಮರಿಯಮ್ಮ ಬಾಯಿ ತೆರೆಯುವ ಮೊದಲೇ ಕೆಂಪರಾಜು, "ಹಿಂಗೇ, ನೀರು" ಎಂದುಬಿಟ್ಟ.

ಮಾರನೆಯ ದಿನ ಹೊಸತೊಡಕು, ಬಾಡೂಟದ ದಿನ. ಬೆಳಿಗ್ಗೆಯೇ ಬೆಳ್ಳುಳ್ಳಿ ಬಿಡಿಸುತ್ತ ಮರಿಯಮ್ಮ, "ಏಳೋ, ಮಟನ್ ಅಂಗಡಿ ಮುಂದೆ ಸಾಲು ಬೆಳೀತದೆ" ಎಂದಳು. ಕೆಂಪರಾಜು ಕಾಲಿನ ಹೆಬ್ಬೆರಳು ನೋಡಿಕೊಂಡ.

"ಅವ್ವ, ಈ ಮನೇಲಿ ಆಗಲ್ಲ. ನಾವು ತಿನ್ನಲ್ಲ ಅಂತ ಹೇಳ್ಬಿಟ್ಟಿದೀನಿ."

ಬಾಡಿಗೆಗೆ ಬಂದವನ ಹೆಸರಿಗಿಂತ ಮೊದಲು ಅವನ ಒಲೆಯ ಮೇಲೆ ಏನಿದೆ ಎಂದು ಕೇಳುವ ಊರಿದು. ಹನ್ನೊಂದು ಗೇಟುಗಳಲ್ಲಿ ನಿಜ ಹೇಳಿ ವಾಪಸಾದವನು ಹನ್ನೆರಡನೆಯದರಲ್ಲಿ ಸುಳ್ಳು ಹೇಳಿದ್ದ.

"ಹೊಸತೊಡಕಿನ ದಿನ ಏನ್ ಮಾಡ್ತೀವೋ ವರ್ಷಪೂರ್ತಿ ಅದೇ ಕಣೋ. ಇವತ್ತು ಎಲೆಗೆ ಸುಳ್ಳು ಬಡಿಸ್ಲಾ ನಿಂಗೆ?"

ಅಷ್ಟರಲ್ಲಿ ಸೀತಾಲಕ್ಷ್ಮಿ ಸ್ಟೀಲ್ ಡಬ್ಬಿ ಹಿಡಿದು ಬಾಗಿಲಿಗೆ ಬಂದಳು. "ಒಬ್ಬಟ್ಟಿನ ಸಾರು, ಮಾರನೇ ದಿನಾನೇ ಇದರ ರುಚಿ. ನಮ್ಮ ಯಜಮಾನ್ರು ರಾತ್ರಿ ಮೂರು ಸಲ ಹಾಕಿಸ್ಕೊಂಡ್ರು! ಎಲ್ಲಾ ನಿಮ್ಮ ಕರಿಬೇವಿನ ಮಹಿಮೆ. ಬರೀ ನೀರಿಗೆ ಹಂಗೆ ಬರಲ್ಲ ರೀ, ಗುಟ್ಟು ಹೇಳಿ."

ಮಗ ಕಣ್ಣಲ್ಲೇ ಬೇಡಿಕೊಂಡ. ಮರಿಯಮ್ಮ ಬೆಳ್ಳುಳ್ಳಿ ಕೆಳಗಿಟ್ಟು ಎದ್ದು ನಿಂತಳು.

"ಮಟನ್ ತೊಳೆದ ನೀರು ಅಮ್ಮ, ಭಾನುವಾರ ಭಾನುವಾರ. ನಾವು ತಿಂತೀವಿ. ಮನೆ ಸಿಗ್ಲಿ ಅಂತ ನನ್ನ ಮಗ ಸುಳ್ಳು ಹೇಳವ್ನೆ. ಬ್ಯಾಡ ಅಂದ್ರೆ ಹೇಳಿ, ಗಂಟು ಇನ್ನೂ ಬಿಚ್ಚಿಲ್ಲ."

ಸೀತಾಲಕ್ಷ್ಮಿಯ ಕೈ ಬಾಯಿಗೆ ಹೋಯಿತು. ಡಬ್ಬಿಯ ಸಾರಿನ ಮೇಲೆ ತೇಲುತ್ತಿದ್ದ ಕರಿಬೇವನ್ನೇ ನೋಡಿದಳು. ಡಬ್ಬಿಯನ್ನು ಹೊಸಿಲ ಮೇಲಿಟ್ಟು ತಿರುಗಿದಳು. ಮೆಟ್ಟಿಲಿಳಿಯಲಿಲ್ಲ, ಹತ್ತಿದಳು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಏನನ್ನೋ ದರದರ ಎಳೆದ ಸದ್ದು.

"ಹೋಯ್ತು, ಡ್ರಮ್ಮು ಆಚೆಗೆ ಹಾಕ್ತಾವ್ರೆ" ಎಂದ ಕೆಂಪರಾಜು.

ಮರಿಯಮ್ಮ ಸೆರಗು ಸಿಕ್ಕಿಸಿಕೊಂಡು ಓಡಿದಳು. ಡ್ರಮ್ಮು ಇದ್ದಲ್ಲೇ ಇತ್ತು. ಮೂಲೆಯಲ್ಲಿದ್ದ ಸೊರಗಿದ ಕರಿಬೇವಿನ ಕುಂಡ ಬಂದು ಅದಕ್ಕೆ ಆತುಕೊಂಡು ಕೂತಿತ್ತು. ಪಕ್ಕದಲ್ಲಿ ಸೀತಾಲಕ್ಷ್ಮಿ, ಏದುಸಿರು ಬಿಡುತ್ತ, ಕೈಯ ಮಣ್ಣು ಒರೆಸಿಕೊಳ್ಳುತ್ತಿದ್ದಳು.

"ಇಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತೆ" ಎಂದಳು, ಟ್ಯಾಂಕಿನ ನೆರಳಲ್ಲಿ ನಿಂತು.

ಮರಿಯಮ್ಮ ಮೆಟ್ಟಿಲ ಬಾಯಿಗೆ ಬಗ್ಗಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಲೋ ಕೆಂಪರಾಜು, ಎರಡು ಕೆಜಿ ಮಟನ್ ತಗೊಂಡ್ ಬಾರೋ. ಓನರಮ್ಮನ ಗಿಡಕ್ಕೆ ಬೇಕಂತೆ!"