ಬಲಗಡೆಯ ಚಿತ್ರ

ಮಾಂಗಾ ಎಂಬ ಜಪಾನಿನ ಹಳೆಯ ಚಿತ್ರಕಥೆಯೊಂದರ ಮೂರು ಚಿತ್ರಗಳನ್ನು ಗಂಡ ತಂದು ಹಜಾರದ ಗೋಡೆಗೆ ಹಾಕಿಸಿದ್ದ. ಎಡಗಡೆಯದರಲ್ಲಿ ಚೀಲ ಹಿಡಿದು ದಾರಿಯಲ್ಲಿರುವ ಹುಡುಗಿ, ನಡುವಿನದರಲ್ಲಿ ಹೊಸ್ತಿಲ ಮೇಲೆ ಅದೇ ಹುಡುಗಿ, ಬಲಗಡೆಯದರಲ್ಲಿ ಕಿಟಕಿಯ ಸರಳುಗಳ ಹಿಂದೆ ಅವಳೇ.

"ಇಡೀ ಪ್ರಪಂಚದಲ್ಲಿ ಐವತ್ತೇ ಪ್ರತಿ ಅಚ್ಚಾಗಿರೋದು," ಎಂದು ಬಂದವರೆದುರು ಕೊಚ್ಚಿಕೊಂಡು, ಹೆಂಡತಿಯತ್ತ ತಿರುಗುತ್ತಿದ್ದ. "ನೋಡಿದ್ಯಾ? ಎಲ್ಲೇ ಸುತ್ತಿದ್ರೂ ಕೊನೆಗೆ ಮನೇಗೇ ಬರ್ಬೇಕು."

ಅವಳು ಸುತ್ತುವುದಾದರೂ ಎಲ್ಲಿ ಬಂತು! ಅವಳ ಹತ್ತಿರ ಮೊಬೈಲ್ ಇದ್ದರೂ ಆಫೀಸಿನಿಂದ ಗಂಟೆಗೊಮ್ಮೆ ಅವನು ಕರೆ ಮಾಡುತ್ತಿದ್ದದ್ದು ಮನೆಯ ಫೋನಿಗೇ. ಎತ್ತುವುದು ತಡವಾದರೆ ಊಟದ ತಟ್ಟೆಯ ಮುಂದೆಯೂ ವಿಚಾರಣೆ.

ಆ ದಿನ ಬಿರುಕುಬಿಟ್ಟ ಗಾಜು ಬದಲಿಸಲು ಫ್ರೇಮಿನ ಅಂಗಡಿಯವನು ಬಂದ. ಬಲಗಡೆಯ ಚಿತ್ರವನ್ನು ಇಳಿಸಿ ಹಿಂದಿನ ಹಲಗೆ ಬಿಚ್ಚಿದ.

"ಇದು ಒಂದನೇದು ಮೇಡಂ. ಹಿಂದ್ಗಡೆ ಬರ್ದಿದಾರೆ ನೋಡಿ."

"ಅದು ಕೊನೇದಲ್ವಾ?"

"ಅಲ್ಲ. ನಮ್ಮಂಗಡಿಗೆ ಇಂಥವು ಬರ್ತಾನೇ ಇರ್ತವೆ. ಇವನ್ನ ಬಲದಿಂದ ಎಡಕ್ಕೆ ಓದ್ಬೇಕು."

"ಹಾಗಾದ್ರೆ ತಪ್ಪಾಗಿ ಹಾಕಿದೀವಾ?"

"ಹಾಕಿರೋದು ಸರಿಯಾಗೇ ಇದೆ ಮೇಡಂ. ನೀವು ನೋಡ್ತಿರೋದು ತಪ್ಪು ಕಡೆಯಿಂದ, ಅಷ್ಟೇ."

ಅವಳು ಬಲದಿಂದ ಎಡಕ್ಕೆ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಒಳಗೆ ಹೋದಳು.

ಅಂಗಡಿಯವನು ಚಿತ್ರವನ್ನು ಮತ್ತೆ ಮೊಳೆಗೆ ಹಾಕುವಾಗ ಫೋನು ಹೊಡೆದುಕೊಂಡಿತು. ಎಷ್ಟು ಹೊತ್ತಾದರೂ ನಿಲ್ಲದ್ದರಿಂದ ಅವನೇ ಎತ್ತಿದ.

"ಮೇಡಂ ಇಲ್ಲ ಸರ್. ಚೀಲ ಹಿಡ್ಕೊಂಡು ಆಗ್ಲೇ ಹೊರಟ್ರು."